ಬೇರಿನೊಳಗಿನ ಬ್ಲೀಚ್ ನೀರು

ದಾಂಡೇಲಿಯ ಕಾಗದದ ಮಿಲ್ಲಿನ ನಮ್ಮ ಕಾಲೊನಿಯಲ್ಲಿ ನಾವು ಮಕ್ಕಳು ಕಣ್ಣು ಮುಚ್ಚಿಯೂ ಅಪ್ಪಂದಿರನ್ನು ಗುರುತಿಸುತ್ತಿದ್ದೆವು. ಬಿದಿರು ಕತ್ತರಿಸುವವರ ಮೈಗೆ ಹಸಿ ಹೊಟ್ಟಿನ ವಾಸನೆ, ಬಾಯ್ಲರಿನವರಿಗೆ ಹೊಗೆಯದು. ನಮ್ಮಪ್ಪ ಕಾಗದದ ತಿರುಳನ್ನು ಬಿಳಿ ಮಾಡುವ ವಿಭಾಗದವರು. ಪಾಳಿ ಮುಗಿಸಿ ಬಂದರೆ ಬ್ಲೀಚಿನ ವಾಸನೆ ಅವರಿಗಿಂತ ಮೊದಲು ಹೊಸ್ತಿಲು ದಾಟುತ್ತಿತ್ತು. ಅವರು ತೀರಿಕೊಂಡ ಮೇಲೆ ಅವ್ವ ಅವರ ಅಂಗಿಗಳನ್ನೆಲ್ಲ ಒಗೆದು, ಮಡಿಚಿ ಟ್ರಂಕಿನಲ್ಲಿಟ್ಟಳು. ಒಗೆದದ್ದಕ್ಕೆ ನಾನು ಅವಳ ಮೇಲೆ ಎಷ್ಟೋ ತಿಂಗಳು ಮುನಿಸಿಕೊಂಡಿದ್ದೆ.

ಎಂಬತ್ತರ ದಶಕದ ಕೊನೆಗೆ ನಾನು ಹತ್ತಿರದ ಸಾಂಬ್ರಾಣಿ ಎಂಬ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದೆ. ಒಂದು ದಿನ ಬಸ್ಸು ಗಕ್ಕನೆ ನಿಂತು, ಮುಂದಿನ ಸೀಟಿನ ಕಂಬಿಗೆ ಬಾಯಿ ಬಡಿದು, ಎದುರು ಹಲ್ಲು ಮುರಿಯಿತು. ಬಾಯಿಗೆ ಸೆರಗು ಹಿಡಿದು ಪಾಠ ಮಾಡುವ ಟೀಚರಿಗೆ ಯಾವ ಹುಡುಗರು ಹೆದರುತ್ತಾರೆ?

ದಾಂಡೇಲಿಯ ಹಲ್ಲಿನ ಡಾಕ್ಟರು ನರ ತೆಗೆದು, ಬೇರಿನೊಳಗೆ ಸಿರಿಂಜಿನಿಂದ ಏನೋ ನೀರು ಬಿಟ್ಟು ತೊಳೆದರು. ಅದೇ ವಾಸನೆ ಮೂಗಿಗೆ ಬಡಿಯಿತು. ಅಪ್ಪ ಒಳಗೆ ಬಂದಿದ್ದರು. ಬಾಗಿಲ ಕಡೆ ನೋಡಿದೆ, ಯಾರೂ ಇರಲಿಲ್ಲ.

"ಏನ್ ನೀರ್ರಿ ಅದು?"

"ಬ್ಲೀಚ್ ಇದ್ದಂಗ ನೋಡವಾ. ಒಳಗಿನ ಹೊಲಸೆಲ್ಲಾ ಕರಗತೈತಿ."

ಆಮೇಲೆ ಬೇರಿನಲ್ಲಿ ಸಣ್ಣ ಲೋಹದ ಕಡ್ಡಿ ನಿಲ್ಲಿಸಿ, ಬೆಳಗಾವಿಯಿಂದ ತರಿಸಿದ ಹೊಸ ಅಂಟು ಹಾಕಿ, ಮೇಲೆ ಹಲ್ಲು ಕೂರಿಸಿದರು. ಮನೆಗೆ ಬಂದಾಗ ಅವ್ವ ಹಲ್ಲು ನೋಡಲೆಂದು ನನ್ನ ಬಾಯಿಯ ಹತ್ತಿರ ಮುಖ ತಂದು ಬಹಳ ಹೊತ್ತು ನಿಂತಳು.

ಕೆಲವು ವಾರಗಳಲ್ಲೇ, ಮಗ್ಗಿ ಹೇಳಿಸುವಾಗ, ಕಡ್ಡಿಸಮೇತ ಹಲ್ಲು ಮೇಜಿನ ಮೇಲೆ ಬಿತ್ತು. ಹುಡುಗರು ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು, ಜೊತೆಗೆ ಸಂತೋಷವೂ ಆಯಿತು. ಮತ್ತೆ ಆ ಕುರ್ಚಿಯಲ್ಲಿ ಕೂರಬಹುದಲ್ಲ. ಡಾಕ್ಟರು ಮತ್ತೆ ತೊಳೆದರು, ಅಪ್ಪ ಮತ್ತೆ ಬಂದರು. ನೋಡಿದರೆ ಹೋಗಿಬಿಡುತ್ತಾರೆಂದು ಈ ಸಲ ಕಣ್ಣು ತೆರೆಯಲೇ ಇಲ್ಲ. ಅವ್ವನೂ ಮತ್ತೆ ಬಾಯಿಯ ಹತ್ತಿರ ಮುಖ ತಂದಳು. ಆ ಹಲ್ಲೂ ನಿಲ್ಲಲಿಲ್ಲ.

ಮುಂದಿನ ಸಲ ಡಾಕ್ಟರು ಕಳಚಿಬಂದ ಕಡ್ಡಿಯನ್ನೇ ದಿಟ್ಟಿಸುತ್ತ ಕೂತರು. ಅಂಟು ಬೇರನ್ನು ಬಿಟ್ಟು ಕಡ್ಡಿಯ ಜೊತೆಗೇ ಬಂದಿತ್ತು.

"ತಪ್ಪು ನಿಂದಲ್ಲ ತಂಗಿ. ಹಳೇ ಸಿಮೆಂಟಿಗೆ ಈ ನೀರು ನಡೀತಿತ್ತು. ಹೊಸ ಅಂಟಿಗೆ ಆಗಿಬರೂದಿಲ್ಲ ಅನಸ್ತೈತಿ. ಬೇರು ಸ್ವಚ್ಛ ಐತಿ, ಈ ಸಲ ಬರೇ ಉಪ್ಪುನೀರಿಲೆ ತೊಳದು ಒಣಗಸ್ತೇನಿ."

"ಬ್ಲೀಚ್ ಸ್ವಲ್ಪನೂ ಹಾಕೂದಿಲ್ಲೇನ್ರಿ?"

"ಯಾಕ, ಹಲ್ಲು ನಿಲ್ಲೂದು ಬ್ಯಾಡೇನು ನಿನಗ?"

ಬೇಕಿತ್ತು. ಸೆರಗು ಬಿಟ್ಟು ಮಾತಾಡಬೇಕಿತ್ತು. "ಬೇಕ್ರಿ" ಅಂದೆ. ಉಪ್ಪುನೀರು ತಣ್ಣಗೆ ಹರಿಯಿತು. ಕಣ್ಣು ಮುಚ್ಚಿ ಕಾದೆ. ಯಾರೂ ಬರಲಿಲ್ಲ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ನನ್ನ ಗದ್ದ ಹಿಡಿದು ಮುಖ ಹತ್ತಿರ ತಂದಳು.

"ಈ ಸಲ ಆ ವಾಸನಿ ಇಲ್ಲಲ್ಲ" ಅಂದಳು.

"ಇಲ್ಲವ್ವಾ. ಇನ್ನ ಹಲ್ಲು ಗಟ್ಟಿ ನಿಲ್ತೈತಂತ."

"ಚಲೋ ಆತು ಬಿಡು" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು.