ಹಳದಿ ಬಾಟಲಿ, ಹದಿನಾರು ಕಂಬ

ಕಳೆದ ತಿಂಗಳು ಕೊಲ್ಹಾಪುರದ ಒಂದು ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕೂತಿದ್ದೆ. ಕಾಲು ಜೋಮು ಹಿಡಿಯುತ್ತದೆಂದು ತೋರಿಸಲು ಹೋಗಿದ್ದೆ. ಅರವತ್ತೈದು ದಾಟಿದ ಮೇಲೆ ಅದೇನೂ ದೊಡ್ಡ ವಿಷಯವಲ್ಲ. ಎದುರಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೆತ್ತನೆಯ ಕುರ್ಚಿಯಲ್ಲಿ ಯಾರೋ ಒರಗಿದ್ದರು. ಅವರ ತಲೆಯ ಮೇಲೆ ಕೊಕ್ಕೆಗೆ ಒಂದು ಬಾಟಲಿ ತೂಗುತ್ತಿತ್ತು. ಅದರೊಳಗಿನ ನೀರು ತಿಳಿ ಹಳದಿ, ಅರಿಸಿನದ ಕೈ ತೊಳೆದ ನೀರಿನ ಹಾಗೆ... ಆ ಬಣ್ಣ ಕಂಡದ್ದೇ ಮೂಗಿಗೆ ಒದ್ದೆ ಕಂಬಳಿಯ ವಾಸನೆ ಬಡಿಯಿತು. ನೆಲದ ಫರಸಿ ಹೊಳೆಯುವ ಆ ಕ್ಲಿನಿಕ್ಕಿಗೆ ಕಂಬಳಿ ಎಲ್ಲಿಂದ ಬರಬೇಕು? ನೆನಪಿನೊಳಗೆ ಕಾಕಾ ಬಂದಿದ್ದ.

ಕಾಕಾ ಎಂದರೆ ನಮ್ಮಪ್ಪನ ಚಿಕ್ಕಪ್ಪನ ಮಗ. ಗಡಹಿಂಗ್ಲಜದ ಹತ್ತಿರದ ಹಳ್ಳಿಯ ಕುರುಬರು ನಾವು. ಅಪ್ಪ ಕುರಿ ಬಿಟ್ಟು ಇಚಲಕರಂಜಿಗೆ ಬಂದು ಮಗ್ಗದ ಕೆಲಸ ಹಿಡಿದ. ಕಾಕಾ ಕುರಿ ಬಿಡಲಿಲ್ಲ. ನಮ್ಮ ಮನೆತನದ ಹಿಂಡಿಗೆ ಅವನೇ ಮುಂದಾಳು. ಮುಂದಾಳು ಎಂದರೆ ಬರೀ ಹಿರಿಯನಲ್ಲ. ದೀಪಾವಳಿ ಮುಗಿದು ಹಿಂಡು ಊರು ಬಿಟ್ಟಿತೆಂದರೆ ಅವನು ಒಂದು ದಿನ ಮುಂಚೆಯೇ ಒಬ್ಬನೇ ನಡೆದು ಹೋಗುತ್ತಾನೆ. ಎಲ್ಲಿ ಹುಲ್ಲಿದೆ, ಎಲ್ಲಿ ನೀರಿದೆ, ಯಾರ ಹೊಲಕ್ಕೆ ಕುರಿಗೊಬ್ಬರ ಬೇಕಾಗಿದೆ ಎಂದು ನೋಡಿ, ಮಾತಾಡಿ, ತಿರುಗಿ ಬಂದು ಹೇಳುತ್ತಾನೆ. ಆ ಮಾತಿನ ಮೇಲೆ ಇಡೀ ಹಿಂಡು, ನಾಲ್ಕು ಮನೆಯ ಜನ ಹೆಜ್ಜೆ ಎತ್ತುತ್ತಾರೆ. ನಡೆಯಲಾರದವನು ಮುಂದಾಳಾಗಲಾರ.

ನನ್ನ ಹತ್ತನೆಯ ತರಗತಿ ಮುಗಿದಾಗ ಮನೆಯಲ್ಲಿ ಎಲ್ಲರೂ ಸಾಕು ಅಂದಿದ್ದರು. ಕಾಕಾ ಒಬ್ಬನೇ ಅಡ್ಡ ನಿಂತ. “ಕಲೀಲಿ ಬಿಡೋ. ಕುರಿ ಕಾಯಾಕ ನಾವು ಇದ್ದೇವಲ್ಲ” ಎಂದು ಅಪ್ಪನ ಬಾಯಿ ಮುಚ್ಚಿಸಿದ. ಮುಂದೆ ದಿನಾ ಎಸ್ಟಿ ಬಸ್ಸಿನಲ್ಲಿ ನಿಂತು ಕೊಲ್ಹಾಪುರಕ್ಕೆ ಹೋಗಿ ಬಂದು, ಮಗ್ಗದ ಸದ್ದಿನಲ್ಲೇ ಓದಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಕುಲದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳು. ಇದನ್ನು ಈಗಲೂ ತಲೆಯೆತ್ತಿಯೇ ಬರೆಯುತ್ತೇನೆ. ಸರ್ಟಿಫಿಕೇಟು ಬಂದ ದಿನ ಕಾಕಾ ಸೊಂಟದ ಚೀಲದಿಂದ ದೇವರ ಭಂಡಾರ ತೆಗೆದು, ಚಿಟಿಕೆ ಅರಿಸಿನವನ್ನು ಆ ಕಾಗದದ ಮೇಲೇ ಉದುರಿಸಿಬಿಟ್ಟ. ನಾನು ಬೈದೆ. ಆ ಕಲೆ ಈಗಲೂ ಇದೆ.

ಅದೇ ವರ್ಷದ ಮಳೆಗಾಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಕಾ ಕಂಬಳಿ ಹೊದ್ದು ನಮ್ಮ ಮನೆಗೆ ಬಂದಿಳಿದ. ಸ್ವಲ್ಪ ನಡೆದರೆ ಮೀನಖಂಡ ಹಿಂಡಿದಂತೆ ನೋಯುತ್ತದೆ, ನಿಂತರೆ ನೋವು ಇಳಿಯುತ್ತದೆ, ಮತ್ತೆ ನಡೆದರೆ ಮತ್ತೆ ನೋವು. ಊರಲ್ಲಿ ಕಾಕಾನ ಅಣ್ಣನ ಮಗ, “ಮುಂದ ನೋಡಾಕ ಕಾಕಾ ಎಸ್ಟಿಯೊಳಗ ಹೋಗ್ಲಿ” ಅಂದಿದ್ದನಂತೆ. ಅದನ್ನು ಹೇಳುವಾಗ ಕಾಕಾನ ಮೀಸೆ ನಡುಗುತ್ತಿತ್ತು. “ಎಸ್ಟಿ ಖಿಡಕ್ಯಾಗಿಂದ ಹುಲ್ಲ ಕಾಣತೈತೇನ? ದೀಪಾವಳಿಗೆ ನಾ ನಡೀಬೇಕವ್ವಾ. ಇಲ್ಲಂದ್ರ ಈ ವರ್ಷ ಆ ಹುಡುಗನೇ ಮುಂದ ಹೊಂಡತಾನ.”

ನಮ್ಮ ಗಲ್ಲಿಯ ಡಾಕ್ಟರು ಕಾಲು ಒತ್ತಿ ನೋಡಿದರು. ರಕ್ತನಾಳ ಕಟ್ಟಿದೆ, ಬೀಡಿ ಬಿಡಬೇಕು ಅಂದರು. ಪರದೇಶದ್ದೊಂದು ಹೊಸ ಇಂಜೆಕ್ಷನ್ ಬಂದಿದೆ, ಸೋಯಾಬೀನಿನಿಂದ ತೆಗೆದದ್ದು, ಗ್ಲುಕೋಸಿನ ಬಾಟಲಿಗೆ ಬೆರೆಸಿ ವಾರಕ್ಕೆ ಎರಡು ಸಲ ಏರಿಸೋಣ, ಗಣಪತಿ ಹಬ್ಬದವರೆಗೆ ನೋಡೋಣ. ನಡಿಗೆ ಸುಧಾರಿಸದಿದ್ದರೆ ಮಾತ್ರ ತಡ ಮಾಡದೆ ಕೊಲ್ಹಾಪುರದ ಸರ್ಜನ್ ಹತ್ತಿರ ಹೋಗಿ ಎಂದು ಎರಡು ಸಲ ಹೇಳಿದರು.

ಔಷಧದ ಡಬ್ಬಿಯಲ್ಲಿ ಇಂಗ್ಲಿಷಿನ ಚೀಟಿಯೊಂದಿತ್ತು. ಅಕ್ಷರ ಸಾಸಿವೆಗಿಂತ ಸಣ್ಣ. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದಿಟ್ಟ.

“ಡಾಕ್ಟರ್ ಏನರ ಹೇಳ್ಲಿ. ನಮ್ಮಾಕಿ ಓದಿ ಹೇಳ್ಲಿ, ಆಮ್ಯಾಲ ಸೂಜಿ ಚುಚ್ಚಸ್ಕೊಂತೇನಿ.”

ಓದಿದೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಫಾಸ್ಫೋಲಿಪಿಡ್ ಎಂಬ ಹೆಸರು ಮಾತ್ರ ಗುರುತಿನದು. ಕಾಲೇಜಿನಲ್ಲಿ ಅದರ ಮೇಲೆ ಒಂದೇ ಒಂದು ಪಾಠವಾಗಿತ್ತು. ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಕೊಬ್ಬನ್ನು. ಇಷ್ಟೇ ನನ್ನ ವಿದ್ಯೆ. ಆದರೆ ಅಪ್ಪ, ಅವ್ವ, ಓಣಿಯ ಇಬ್ಬರು ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪದವೀಧರೆ ತಿಳಿಯಲಿಲ್ಲ ಅಂತ ಹೇಗೆ ಹೇಳಬೇಕು? ಕತ್ತರಿಸುವ ಮುಂಚೆ ಕುರಿಯ ಉಣ್ಣೆ ತೊಳೆಯುತ್ತೀರಲ್ಲ, ಜಿಡ್ಡೆಲ್ಲ ನೀರಿಗೆ ಹೋಗುತ್ತದಲ್ಲ, ಇದೂ ಹಾಗೇ ನರದೊಳಗಿನ ಜಿಡ್ಡು ತೊಳೆಯುತ್ತದೆ ಅಂದೆ. ಚೀಟಿಯಲ್ಲಿ ಉಣ್ಣೆಯೂ ಇರಲಿಲ್ಲ, ತೊಳೆಯುವುದೂ ಇರಲಿಲ್ಲ.

ಕಾಕಾನ ಮುಖ ಅರಳಿತು. “ಉಣ್ಣಿ ತೊಳದಂಗ! ಹಂಗ ಹೇಳಿದ್ರ ತಿಳೀತೈತಿ ನೋಡ್ರಿ.” ಓಣಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದ.

ವಾರಕ್ಕೆ ಎರಡು ಮಧ್ಯಾಹ್ನ ದವಾಖಾನೆಯ ಬೆಂಚಿನ ಮೇಲೆ ಅವನು ಮಲಗುತ್ತಿದ್ದ. ಪಕ್ಕದಲ್ಲಿ ನಾನು. ಕಂಪೌಂಡರ್ ಕಂದು ಗಾಜಿನ ಸಣ್ಣ ಕುಪ್ಪಿಗಳ ಕತ್ತು ಮುರಿದು ಬೆರೆಸುತ್ತಿದ್ದ, ಬಾಟಲಿ ಹಳದಿಯಾಗುತ್ತಿತ್ತು. “ಭಂಡಾರದ ಬಣ್ಣ” ಎಂದು ಕಾಕಾ ಕೈ ಮುಗಿಯುತ್ತಿದ್ದ. ಆಮೇಲೆ ಹನಿ ಬೀಳುವುದನ್ನೇ ನೋಡುತ್ತ, “ಕುರಿ ಕಾಯಾಂವನ್ನ ಹಿಡಕೊಂಡ ಬಂದು ಬಾಟ್ಲಿ ಕಾಯಾಕ ಹಚ್ಚೀರಲ್ರೋ” ಎಂದರೆ ಕಂಪೌಂಡರ್ ನಗುತ್ತಿದ್ದ.

ನಡಿಗೆಯ ಎಣಿಕೆ ನನ್ನ ಕೆಲಸ. ನಿಲ್ಲದೆ ಎಷ್ಟು ದೂರ ನಡೆಯುತ್ತಾನೆ, ಒಂದು ವಹಿಯಲ್ಲಿ ಬರೆದಿಡು ಎಂದು ಡಾಕ್ಟರು ಹೇಳಿದ್ದರು. ನಮ್ಮ ಬಾಗಿಲಿಂದ ನೂಲಿನ ಗೋದಾಮಿನ ಕಡೆಗೆ ಸಾಲಾಗಿ ದೀಪದ ಕಂಬಗಳಿದ್ದವು. ಮೊದಲ ವಾರ ಆರು ಕಂಬ. ನಂತರ ಏಳು, ಒಮ್ಮೆ ಎಂಟು. ಅದು ನಿಜವೇ. ಆದರೆ ಆಮೇಲೆ ಕಾಕಾ ನಿಲ್ಲುವುದನ್ನು ಕಲಿತ. ಆರನೆಯ ಕಂಬದ ಹತ್ತಿರ ಮಗ್ಗದ ಶೆಡ್ಡಿನೊಳಗೆ ಇಣುಕಿ, “ಏನ್ರಿ ಪಾವಣ್ಯಾ, ಆರಾಮೇನ?” ಎಂದು ಗುರುತಿಲ್ಲದವನ ಕ್ಷೇಮ ಕೇಳುವನು. ಒಂಬತ್ತನೆಯದರ ಹತ್ತಿರ ಕಂಬಳಿ ಕೊಡವುವನು. ಒಂದು ದಿನ ಬಗ್ಗಿ ಚಪ್ಪಲಿಯ ಬಾರು ಸರಿಮಾಡತೊಡಗಿದ. ಬಾರು ಸರಿಯಾಗಿಯೇ ಇತ್ತು. ಬಗ್ಗಿದಲ್ಲಿಂದಲೇ ಕತ್ತೆತ್ತಿ ನನ್ನನ್ನು ನೋಡಿದ. ಹಣೆಯ ಮೇಲೆ ಬೆವರು. ನಾನು ಗೋದಾಮಿನ ಕಡೆ ಮುಖ ತಿರುಗಿಸಿದೆ.

ಆ ದಿನ ವಹಿಯಲ್ಲಿ ಹದಿನಾರು ಎಂದು ಬರೆದೆ.

ಅವನಿಗೆ ದೀಪಾವಳಿ ಬೇಕಾಗಿತ್ತು. ನನಗೆ ಏನು ಬೇಕಾಗಿತ್ತು? ನನ್ನ ಮಾತು ನಿಜವಾಗಬೇಕಿತ್ತು, ಅಷ್ಟೇ. ಗಣಪತಿ ಕೂರಿಸಿದ ವಾರ ಡಾಕ್ಟರು ವಹಿ ನೋಡಿ, “ಬಘಾ! ಸೋಳಾ!” ಎಂದು ಮೇಜು ತಟ್ಟಿದರು. ನೋಡಿ, ಹದಿನಾರು! ಸರ್ಜನ್ನರ ಮಾತು ಅಲ್ಲಿಗೇ ಬಿಟ್ಟುಹೋಯಿತು. ಬಾಟಲಿ ಮುಂದುವರಿಯಿತು.

ದಸರೆಯ ಹೊತ್ತಿಗೆ ಮನೆಯಲ್ಲಿ ಒಂದು ವಾಸನೆ. ಇಲಿ ಸತ್ತಿದೆಯೆಂದು ಅವ್ವ ಡಬ್ಬಿಗಳನ್ನೆಲ್ಲ ಸರಿಸಿದಳು. ಕೊನೆಗೆ ಕಾಕಾನ ಕಂಬಳಿ ಎತ್ತಿದಳು. ಚಪ್ಪಲಿಯ ಮೊಳೆ ತಾಗಿ ಹೆಬ್ಬೆರಳಿಗೆ ಗಾಯವಾಗಿತ್ತಂತೆ, ಯಾವಾಗಲೋ. ಯಾರಿಗೂ ಹೇಳದೆ ಅದಕ್ಕೆ ಭಂಡಾರ ಮೆತ್ತಿಕೊಂಡಿದ್ದ. ಹಳದಿಯ ಕೆಳಗೆ ಬೆರಳು ಇದ್ದಲಿನಂತೆ ಕಪ್ಪಾಗಿತ್ತು...

ಕೊಲ್ಹಾಪುರದ ದೊಡ್ಡ ದವಾಖಾನೆಯಲ್ಲಿ ಸರ್ಜನ್ನರು ವಹಿಯನ್ನು ತಿರುವಿ ಹಾಕಿದರು. “ಹೇ ಕೋಣೀ ಮೋಜಲಂ?” ಇದನ್ನು ಎಣಿಸಿದವರು ಯಾರು? ನಾನು ಅಂದೆ. ಏನು ಕಲಿತಿದ್ದೀ ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ವಹಿ ಮುಚ್ಚಿ ನನ್ನ ಕೈಗೆ ಕೊಟ್ಟರು. ಒಂದು ತಿಂಗಳ ಹಿಂದೆ ತಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತು ಎಂದು ಅಪ್ಪನಿಗೆ ಹೇಳಿದರು, ನನಗಲ್ಲ.

ಮಂಡಿಯ ಮೇಲಿನಿಂದ ಕಾಲು ಕತ್ತರಿಸಿದರು.

ದೀಪಾವಳಿಗೆ ಕಾಕಾನನ್ನು ಊರಿಗೆ ಕರೆದೊಯ್ದೆವು. ಬಾಗಿಲ ಮುಂದೆ ಹಗ್ಗದ ಮಂಚದ ಮೇಲೆ ಕೂರಿಸಿದ್ದರು. ಅಣ್ಣನ ಮಗ ಬಂದು, ಇರುವ ಒಂದೇ ಪಾದ ಮುಟ್ಟಿ ನಮಸ್ಕರಿಸಿ, ಕೋಲು ಹಿಡಿದು ಹಿರಣ್ಯಕೇಶಿ ಹೊಳೆಯ ಕಡೆಗೆ ಒಬ್ಬನೇ ಹೊರಟ. ಮಾರನೆಯ ದಿನ ಹಿಂಡು ಹೋಯಿತು. ಧೂಳು ಇಳಿಯುವವರೆಗೂ ಕಾಕಾ ಆ ದಾರಿಯನ್ನೇ ನೋಡಿದ. ಆಮೇಲೆ ನನ್ನನ್ನು ಹತ್ತಿರ ಕರೆದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

“ಇನ್ನ ಎರಡ ಬಾಟ್ಲಿ ಏರಿಸಿದ್ರ ಪೂರಾ ತೊಳೀತಿತ್ತೇನವ್ವಾ? ನೀ ಓದೀಯಲ್ಲ...”

“ಹೌದು ಕಾಕಾ” ಅಂದೆ.

ಮುಂದಿನ ಮಳೆಗಾಲ ಅವನು ನೋಡಲಿಲ್ಲ. ಅವನು ಹೋದ ಸುದ್ದಿ ಬಂದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮಕ್ಕಳಿಗೆ ಎಣ್ಣೆ, ನೀರು, ಸಾಬೂನು ಹೇಳುತ್ತಿದ್ದೆ. ಪಾಠ ಪೂರ್ತಿ ಮಾಡಿಯೇ ಎಸ್ಟಿ ಹತ್ತಿದೆ. ಮೂವತ್ತು ವರ್ಷ ಆ ಪಾಠ ಮಾಡಿದ್ದೇನೆ. ಉಣ್ಣೆಯ ಹೋಲಿಕೆಯನ್ನು ಮತ್ತೆಂದೂ ಕೊಟ್ಟಿಲ್ಲ. ಆ ಔಷಧದಿಂದ ಅವನಿಗೆ ಏನಾದರೂ ಆಯಿತೋ, ಏನೂ ಆಗಲಿಲ್ಲವೋ, ನನಗೆ ಎಂದೂ ತಿಳಿಯುವುದಿಲ್ಲ. ತಿಳಿಯಬಹುದಾಗಿದ್ದ ಒಂದೇ ದಾರಿ ಆ ವಹಿ. ಅದನ್ನು ಕೆಡಿಸಿದವಳು ನಾನು.

ಕ್ಲಿನಿಕ್ಕಿನಲ್ಲಿ ಪಕ್ಕ ಕೂತಿದ್ದ ಹೆಂಗಸು ನನ್ನ ತೊಡೆ ತಟ್ಟಿದಳು. ಕೈಯಲ್ಲಿ ನುಣುಪಾದ ಕಾಗದ; ಮೇಲೆ ನಗುವ ಮುದುಕ ಮುದುಕಿಯ ಚಿತ್ರ, ಕೆಳಗೆ ಇಂಗ್ಲಿಷು. ಅವಳ ಗಂಡ ಅತ್ತ ಕಡೆ ಪಂಚೆ ಎತ್ತಿ ಮೀನಖಂಡ ತಿಕ್ಕಿಕೊಳ್ಳುತ್ತಿದ್ದ.

“ಅಕ್ಕಾರ, ನೀವು ಕಲತಾವ್ರ ಕಾಣಸ್ತೀರಿ. ಇದನ್ನ ಹಾಕಿಸಿದ್ರ ರಕ್ತ ಚಲೋ ಹರೀತೈತಂತ, ಮುಪ್ಪ ತಡೀತೈತಂತ. ಖರೇನ್ರಿ? ಓದಿ ಹೇಳ್ರಿ.”

ಓದಿದೆ. ಅದೇ ಫಾಸ್ಫೋಲಿಪಿಡ್. ಕನ್ನಡಕ ತೆಗೆದೆ.

“ನನಗ ಗೊತ್ತಿಲ್ಲವ್ವಾ. ಮೊದಲ ಸರ್ಜನ್ನಗ ಕಾಲ ತೋರಸ್ರಿ.”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಯ್ಯ, ಇಷ್ಟ ಕಲತೂ ಗೊತ್ತಿಲ್ಲಂತೀರಲ್ರಿ” ಎಂದು ಕಾಗದ ಕಸಿದುಕೊಂಡು, ಕೌಂಟರಿನಲ್ಲಿದ್ದ ಹುಡುಗಿಯ ಹತ್ತಿರ ಹೋದಳು. ಆ ಹುಡುಗಿ ನಗುನಗುತ್ತ ಓದಿ ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸಿನ ಗಂಡ ಎದ್ದ. ಕುರ್ಚಿಯಿಂದ ಆ ಹಳದಿ ಬಾಟಲಿಯ ಕೋಣೆಯ ಬಾಗಿಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ನಡುವೆ ಒಮ್ಮೆ ನಿಂತು, ಬಗ್ಗಿ, ಚಪ್ಪಲಿ ಸರಿಮಾಡಿಕೊಂಡ.