ಮಳವಳ್ಳಿ ಬಸ್ಸಿನಲ್ಲಿ ಒಂದು ಬಾಟಲಿ ಪಾಚಿ ನೀರು

ಬಾಟಲಿ ಒಡೆಯಬಹುದಿತ್ತು. ಬಸ್ಸು ಹಂಪಿನ ಮೇಲೆ ಎಗರಿ ಪಾಚಿ ನೀರೆಲ್ಲ ಪಕ್ಕದ ಹೆಂಗಸಿನ ಸೀರೆಗೆ ಬೀಳಬಹುದಿತ್ತು. ಬಿಸಿಲಿಗೆ ನೀರು ಕಾದು ಒಳಗಿರೋದೆಲ್ಲ ಸಾಯಬಹುದಿತ್ತು. ಒಳಗೆ ಏನೂ ಇಲ್ಲದೆಯೂ ಇರಬಹುದಿತ್ತು. ಶಿವನಸಮುದ್ರದ ವಿದ್ಯುತ್ ಕೇಂದ್ರ ಅಷ್ಟು ಹತ್ತಿರವಿದ್ದರೂ ಮಳವಳ್ಳಿಯ ನಮ್ಮ ಶಾಲೆಯಲ್ಲಿ ಕರೆಂಟು ಹೋಗಬಹುದಿತ್ತು. ‘ಸಂತಾನೋತ್ಪತ್ತಿ’ ಅಂದ ಕೂಡಲೇ ಹತ್ತನೇ ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕು ಪಾಠ ಅಲ್ಲಿಗೇ ಮುಗಿಯಬಹುದಿತ್ತು. ಇಷ್ಟನ್ನೂ ನಾನು ಮದ್ದೂರಿನಲ್ಲಿ ಬಸ್ಸು ಹತ್ತುವ ಮೊದಲೇ ಯೋಚಿಸಿ ಮುಗಿಸಿದ್ದೆ. ಬೇರೆಯವರು ತಿಂಡಿ ತಿನ್ನುವ ಹೊತ್ತಿನಲ್ಲಿ ನಾನು ಮಾಡುವುದು ಇದನ್ನೇ.

ಆದರೆ ಈ ಸಲ ಹಟ ಹಿಡಿದಿದ್ದೆ. ವಾಲ್ವಾಕ್ಸ್ ಅನ್ನೋ, ನೂರಾರು ಪಾಚಿ ಕೋಶಗಳು ಸೇರಿ ಆದ ಪುಟ್ಟ ಹಸಿರು ಉಂಡೆಯ ಪಾಠವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಸೊನ್ನೆ ಸುತ್ತಿಯೇ ಮಾಡಿದವನು ನಾನು. ಮರಿಗಳು ತಾಯಿ ಉಂಡೆಯನ್ನು ಸೀಳಿಕೊಂಡು ಹೊರಬರುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು, ಮಕ್ಕಳಿಗೂ ತೋರಿಸಬೇಕು. ಅದಕ್ಕೇ ಶಿವಪುರದಾಚೆಯ ಕಟ್ಟೆಯ ನೀರಿಗೆ ಪ್ಯಾಂಟು ಮಡಿಚಿಕೊಂಡು ಇಳಿದಿದ್ದೆ.

‘ಏನ್ ಸಾ, ಮನೇಲಿ ಕುಡ್ಯಕ್ಕೆ ನೀರಿಲ್ವಾ?’ ಅಂದ ಕಂಡಕ್ಟರು.

‘ತುಂಬು ಬಸುರೀರವ್ರೆ ಕಣಪ್ಪ ಇದ್ರಲ್ಲಿ. ಡ್ರೈವರ್‌ಗೆ ನಿಧಾನ ಅನ್ನು.’

ಶಾಲೆ ತಲುಪಿದವನೇ ಕರೆಂಟನ್ನು ನಂಬದೆ ಹಳೇ ಸೂಕ್ಷ್ಮದರ್ಶಕದ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿದೆ. ಹೊಟ್ಟೆ ತುಂಬ ಮರಿ ಹೊತ್ತ ಉಂಡೆಯೊಂದು ಸಿಕ್ಕೇಬಿಟ್ಟಿತು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹೇಳಿದೆ: ‘ಕೋಶಗಳು ಮೊದಮೊದಲು ಗುಂಪುಗೂಡಿದಾಗ ಎಲ್ಲವೂ ಈಜುತ್ತಿದ್ದವು, ಎಲ್ಲವೂ ಮರಿ ಮಾಡುತ್ತಿದ್ದವು. ಎರಡನ್ನೂ ಒಟ್ಟಿಗೆ ಮಾಡೋದು ಕಷ್ಟ. ಬರಬರುತ್ತ ಕೆಲಸ ಹಂಚಿಕೊಂಡಿರಬೇಕು. ಇದರಲ್ಲಿ ನೋಡಿ, ಹೊರಗಿನ ಸಣ್ಣವು ಬರೀ ಈಜುತ್ತವೆ, ಒಳಗಿನ ದಪ್ಪನೆಯವು ಬರೀ ಮರಿ ಮಾಡುತ್ತವೆ.’

‘ಈಜೋವುಕ್ಕೆ ಮಕ್ಳೇ ಇಲ್ವಾ ಸಾ?’ ಅಂದಳು ಒಬ್ಬಳು.

‘ಇಲ್ಲ. ಮರಿಗಳು ಹೊರಟುಹೋದ ಮೇಲೆ ಸಾಯುತ್ತವೆ.’

‘ನಮ್ ದೊಡ್ಡತ್ತೆ ಥರ ಕಣೇ,’ ಅಂದಳು ಇನ್ನೊಬ್ಬಳು. ‘ನಮ್ಮುನ್ನೆಲ್ಲ ಸಾಕುದ್ಲು, ತಾನು ಮದ್ವೇನೇ ಆಗ್ನಿಲ್ಲ.’

ಯಾರೂ ನಗಲಿಲ್ಲ.

‘ಅಷ್ಟೆಲ್ಲ ಯಾಕ್ ಸಾ?’ ಹಿಂದಿನ ಬೆಂಚಿನ ಹುಡುಗಿ. ‘ಉಂಡೆನೇ ಕಬ್ನಂಗೆ ತುಂಡಾದ್ರೆ ಸಾಲ್ದಾ?’

ಇಂಥ ಪ್ರಶ್ನೆ ಕೇಳಿದರೆ ನನಗೆ ಮೈಮೇಲೆ ಬಂದಂತಾಗುತ್ತದೆ. ‘ಕಬ್ಬಿನ ತುಂಡು ನೆಟ್ಟರೆ ಅದರ ಕೊಳೆ ರೋಗವೂ ಜೊತೆಗೇ ಬರುತ್ತಲ್ಲವಾ? ಈ ಮರಿಗಳ ಹಾಗೆ ಒಂದೇ ಕೋಶದಿಂದ ಶುರು ಮಾಡಿದರೆ ಹಳೇ ಕೊಳೆ ಬಹುಪಾಲು ಹಿಂದೆಯೇ ಉಳಿಯುತ್ತೆ. ನೋಡಿಲ್ಲಿ,’ ಅಂತ ಬೋರ್ಡಿಗೆ ತಿರುಗಿ ದೊಡ್ಡದೊಂದು ಸೊನ್ನೆ ಸುತ್ತಿದೆ.

‘ಸಾ! ಒಡ್ಕತು! ಓಯ್ತಾವೆ, ಓಯ್ತಾವೆ!’ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದವಳು ಕೂಗಿದಳು.

ನೂಕಾಡಿಕೊಂಡು ಎಲ್ಲರೂ ನೋಡಿದರು. ನನ್ನ ಸರದಿ ಬರುವ ಹೊತ್ತಿಗೆ ಮರಿಗಳೆಲ್ಲ ಹೋಗಿ, ಹರಿದ ಉಂಡೆಯೊಂದೇ ಇನ್ನೂ ಈಜುತ್ತಿತ್ತು. ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು.