ಬಾವಿಯಲ್ಲಿ ಹಬ್ಬಿದ ನೇರಳೆ ಹೂವು

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನನ್ನ ಮೊದಲ ಬಸಿರು ಐದನೇ ತಿಂಗಳಿಗೆ ಇಳಿದುಹೋಯಿತು. ಆ ಆಷಾಢದಲ್ಲಿ ಅತ್ತೆ ನನ್ನನ್ನು ಕಾಗವಾಡದಿಂದ ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ದಿಂಡಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಎಲ್ಲರೂ ಭಜನೆ ಹಾಡುತ್ತಿದ್ದರೆ ನಾನು ಬಾಯಿ ಬಿಡದೆ ಅವರ ಹಿಂದೆ ನಡೆದೆ.

ಪಂಢರಪುರದ ಚಂದ್ರಭಾಗಾ ಹೊಳೆಯ ದಂಡೆಯಲ್ಲಿ, ನೀರಿನ ಮೇಲೆ ತೇಲುತ್ತಿದ್ದ ಗಿಡವೊಂದರ ನೇರಳೆ ಬಣ್ಣದ ಹೂವನ್ನು ಕಂಡು, "ಎಷ್ಟ ಚಂದ ಐತ್ರಿ" ಎಂದೆ. ಬಸಿರು ಹೋದ ಮೇಲೆ ನಾನಾಗಿ ಆಡಿದ ಮೊದಲ ಮಾತು ಅದು. ಅತ್ತೆ ತಟ್ಟನೆ ನೀರಿಗಿಳಿದು, ಆ ಗಿಡವನ್ನು ಬೇರುಸಮೇತ ಡಬ್ಬಿಯಲ್ಲಿಟ್ಟುಕೊಂಡರು. ಊರಿಗೆ ಬಂದು ದ್ರಾಕ್ಷಿ ತೋಟದ ಬಾವಿಗೆ ಬಿಟ್ಟರು.

ಅದು ಜಲಪರ್ಣಿ ಎಂಬ ಪರದೇಶದ ಕಳೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಬಾವಿಯ ನೀರೇ ಕಾಣದಂತೆ ಹಬ್ಬಿತು. ಮೋಟಾರಿನ ಪೈಪಿಗೂ ಬೇರು ಸಿಕ್ಕಿಕೊಂಡಿತು.

"ಯಾರ ತಂದಾರ ಇದನ್ನ?" ಮಾವ ಸಿಟ್ಟಿನಿಂದ ಕೇಳಿದರು.

"ನಾನ ತಂದೇನ್ರಿ," ಅಂದರು ಅತ್ತೆ. "ಹುಡುಗಿ ಅದನ್ನ ನೋಡಿ ಮಾತಾಡಿದ್ಳು. ಮನ್ಯಾಗೂ ಮಾತಾಡ್ಲಿ ಅಂತ ತಂದೆ."

ಮಾವ ನನ್ನತ್ತ ಒಮ್ಮೆ ನೋಡಿ, ಹಗ್ಗ, ಬುಟ್ಟಿ ಹಿಡಿದು ಬಾವಿಯ ಮೆಟ್ಟಿಲಿಳಿದರು. ನಾಲ್ಕು ದಿನ ಮೂವರೂ ಸೇರಿ ಕಳೆ ತೆಗೆದೆವು. ಒಂದು ಚೂರೂ ಹೊಳೆಗೆ ಹೋಗಬಾರದೆಂದು ಅತ್ತೆ ಎಲ್ಲವನ್ನೂ ಬದುವಿನ ಮೇಲೆ ಒಣಗಿಸಿ ಸುಟ್ಟರು. ಬುಟ್ಟಿ ಎಳೆಯುತ್ತ ಎಳೆಯುತ್ತ, ಹೆತ್ತವ್ವನಿಗೂ ಹೇಳದ ನೋವನ್ನು ನಾನು ಅತ್ತೆಗೆ ಹೇಳಿ ಅತ್ತುಬಿಟ್ಟೆ. ಅವರು ಕೆಸರುಗೈಯಲ್ಲೇ ನನ್ನ ತಲೆ ಸವರಿದರು.